ಕಿಟಕಿ ಇಲ್ಲದ ಮನೆಗೊಂದು ಕಿಟಕಿ

ಕಳೆದ ತಿಂಗಳು ಇದೇ ಅಂಕಣದಲ್ಲಿ ಕಿಟಕಿಯ ಬೆಳಕಿನಲ್ಲಿ ಮನೆಯವರ ಭಾವಚಿತ್ರ ತೆಗೆಯುವ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಮಾತನ್ನು ಬೇರೆ ಬೇರೆ ಧಾಟಿಯಲ್ಲಿ ಹೇಳಿದವು: "ಸ್ವಾಮಿ, ನಮ್ಮಲ್ಲಿ ಕಿಟಕಿ ಎಲ್ಲಿದೆ?" ಚಿಂಚವಾಡದ ಓದುಗರೊಬ್ಬರ ಹಾಲಿನ ಕಿಟಕಿ ಕಟ್ಟಡದ ಡಕ್ಟಿಗೆ ತೆರೆದುಕೊಳ್ಳುತ್ತದಂತೆ. ಡೊಂಬಿವಲಿಯವರೊಬ್ಬರ ಕಿಟಕಿಗೂ ಎದುರು ಮನೆಯ ಕಿಟಕಿಗೂ ನಡುವೆ ಕೈ ಚಾಚಿ ಉಪ್ಪಿನ ಡಬ್ಬಿ ದಾಟಿಸುವಷ್ಟೇ ಅಂತರ. ದಿಲ್ಲಿಯ ಮುನಿರ್ಕಾದಿಂದ ಬರೆದವರ ಮನೆಯಲ್ಲಿ ನಡು ಮಧ್ಯಾಹ್ನವೂ ಟ್ಯೂಬ್‌ಲೈಟ್ ಬೇಕು. ನ್ಯಾಯವಾದ ತಕರಾರು. ಆದ್ದರಿಂದ ಈ ಸಲ ಕಿಟಕಿಯನ್ನು ನಾವೇ ಚೀಲದಲ್ಲಿ ಹೊತ್ತುಕೊಂಡು ಹೋಗುವ ವಿಚಾರ. ಅಂದರೆ ಕ್ಯಾಮೆರಾದ ತಲೆಯ ಮೇಲಿಂದ ಫ್ಲ್ಯಾಶನ್ನು ಕೆಳಗಿಳಿಸಿ, ಬದಿಗೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಅದರ ಮುಂದೊಂದು ಬಿಳಿ ಛತ್ರಿ ಹಿಡಿದು ಫೋಟೋ ತೆಗೆಯುವುದು. ಇದಕ್ಕೆ ಬೇಕಾದ ಸಾಮಾನನ್ನು ಎಷ್ಟು ಕಡಿಮೆ ದುಡ್ಡಿನಲ್ಲಿ ಜೋಡಿಸಬಹುದು ಎಂದು ಹೇಳುತ್ತೇನೆ.

ಅದಕ್ಕೆ ಮೊದಲು, ಇದೆಲ್ಲ ಯಾಕೆ ಬೇಕು ಎನ್ನುವುದನ್ನು ಹೇಳಿಬಿಡಬೇಕು. ನಮ್ಮ ಸಂಘದ ಸ್ಮರಣ ಸಂಚಿಕೆಯ ಪುಟ ಹೊಂದಿಸುವ ಕೆಲಸ ಹಲವು ವರ್ಷಗಳಿಂದ ನನ್ನ ಪಾಲಿಗೆ ಬರುತ್ತಿದೆ. ಅದರಲ್ಲಿ ನನಗೆ ಅತಿ ಕಷ್ಟದ ಪುಟ ಶ್ರದ್ಧಾಂಜಲಿಯದು. ಹನ್ನೆರಡು ಹದಿಮೂರರ ವಯಸ್ಸಿಗೆ ಊರು ಬಿಟ್ಟು ಬಂದು, ಹಗಲಿಡೀ ಹೋಟೆಲಿನಲ್ಲಿ ಕಪ್ಪು ತೊಳೆದು, ರಾತ್ರಿಶಾಲೆಯಲ್ಲಿ ಕಲಿತು, ಮೂರು ಮಕ್ಕಳನ್ನು ದಡ ಸೇರಿಸಿದ ಮನುಷ್ಯ ತೀರಿಹೋದಾಗ ಮನೆಯವರು ಕಳಿಸುವ ಫೋಟೋ ಯಾವುದು? ಆಧಾರ್ ಕಾರ್ಡಿನದು. ಇಲ್ಲವೇ ಯಾರದೋ ಮದುವೆಯ ಗ್ರೂಪಿನಿಂದ ಕತ್ತರಿಸಿದ್ದು. ಹೆಗಲ ಮೇಲೆ ಇನ್ಯಾರದೋ ಕೈಯ ಅರ್ಧ ಭಾಗ ಉಳಿದಿರುತ್ತದೆ. ಮನೆಯಲ್ಲಿ ನಾಲ್ಕು ಸ್ಮಾರ್ಟ್‌ಫೋನ್, ಅವುಗಳಲ್ಲಿ ಸಾವಿರಾರು ಫೋಟೋ. ಆದರೆ ಮನೆಯ ಹಿರಿಯರದ್ದೇ ಆದ, ಅವರು ಅವರಂತೆಯೇ ಕಾಣುವ, ದೊಡ್ಡದು ಮಾಡಿ ಗೋಡೆಗೆ ಹಾಕಬಹುದಾದ ಒಂದು ಚಿತ್ರ ಇರುವುದಿಲ್ಲ. ಹೀಗಾಗಿ ಕೆಲವು ವರ್ಷಗಳಿಂದ ಬಿಡುವಿನ ಭಾನುವಾರಗಳಲ್ಲಿ ಪರಿಚಿತರ ಮನೆಗೆ ಹೋಗಿ, ಹಿರಿಯರು ಗಟ್ಟಿಮುಟ್ಟಾಗಿರುವಾಗಲೇ ಅವರ ಭಾವಚಿತ್ರ ತೆಗೆಯುತ್ತಿದ್ದೇನೆ. ನಾನು ಮುಂದೆ ಹೇಳುವ ಸಾಮಾನೆಲ್ಲ ಈ ಕೆಲಸಕ್ಕೆ ಒಗ್ಗಬೇಕಾದದ್ದು: ಲೋಕಲ್ ರೈಲಿನಲ್ಲಿ ಒಯ್ಯುವಂತಿರಬೇಕು, ಹತ್ತಡಿ ಹನ್ನೆರಡಡಿ ಕೋಣೆಯಲ್ಲಿ ನಿಲ್ಲುವಂತಿರಬೇಕು, ಅಜ್ಜಿಗೆ ಬೆನ್ನುನೋವು ಶುರುವಾಗುವ ಮೊದಲು, ಅಂದರೆ ಇಪ್ಪತ್ತು ನಿಮಿಷದೊಳಗೆ, ಕೆಲಸ ಮುಗಿಯಬೇಕು.

ಫ್ಲ್ಯಾಶ್ ಎಂದರೆ ನಮ್ಮಲ್ಲಿ ಹಲವರಿಗೆ ಅಲರ್ಜಿ. ಕಾರಣ ಅದು ಕ್ಯಾಮೆರಾದ ಮೇಲೆಯೇ ಕುಳಿತಿರುವುದು. ಬೆಳಕು ನೋಡುವವನ ಕಣ್ಣಿನ ದಿಕ್ಕಿನಿಂದಲೇ ಹೊರಟರೆ ಮುಖದ ಏರುತಗ್ಗುಗಳಿಗೆ ನೆರಳೇ ಬೀಳುವುದಿಲ್ಲ. ಮೂಗು ಚಪ್ಪಟೆ, ಕೆನ್ನೆ ಚಪ್ಪಟೆ, ಬೆನ್ನ ಹಿಂದಿನ ಗೋಡೆಗೆ ಮಾತ್ರ ಕಪ್ಪು ಅಂಚಿನ ನೆರಳು. ಇನ್ನು ಬರೀ ಟ್ಯೂಬ್‌ಲೈಟಿನಲ್ಲಿ ತೆಗೆದರೆ ಬೆಳಕು ನೆತ್ತಿಯ ಮೇಲಿಂದ ಸುರಿದು ಕಣ್ಣಿನ ಗುಳಿಗಳು ಕಪ್ಪಾಗುತ್ತವೆ, ಆರೋಗ್ಯವಾಗಿರುವವರೂ ಕಾಯಿಲೆಯಿಂದ ಎದ್ದವರಂತೆ ಕಾಣುತ್ತಾರೆ. ಅದೇ ಬೆಳಕು ಒಂದು ಬದಿಯಿಂದ, ಕಣ್ಣಿಗಿಂತ ಸ್ವಲ್ಪ ಮೇಲಿನಿಂದ, ಅಗಲವಾಗಿ ಬರಲಿ. ಮುಖಕ್ಕೆ ಆಕಾರ ಬರುತ್ತದೆ, ಸುಕ್ಕುಗಳು ಸುಕ್ಕುಗಳಾಗಿಯೇ ಚಂದ ಕಾಣುತ್ತವೆ, ಕಣ್ಣಿನಲ್ಲಿ ಬೆಳಕಿನ ಒಂದು ಚುಕ್ಕಿ ಹೊಳೆಯುತ್ತದೆ. ಕಿಟಕಿ ಮಾಡುವ ಕೆಲಸವೂ ಇದೇ ತಾನೆ?

ಈಗ ಅಂಗಡಿಗೆ ಹೋಗೋಣ. ಮುಂಬೈಯವರಿಗೆ ಸಿಎಸ್‌ಎಂಟಿ ಎದುರಿನ ಬೋರಾ ಬಜಾರ್, ದಿಲ್ಲಿಯವರಿಗೆ ಚಾಂದನಿ ಚೌಕದ ಕೂಚಾ ಚೌಧರಿ ಗಲ್ಲಿ. ಉಳಿದ ಊರಿನವರು ಆನ್‌ಲೈನಿನಲ್ಲಿ ತರಿಸಿದರೂ ಅಡ್ಡಿಯಿಲ್ಲ. ಆದರೆ ಸ್ಟ್ಯಾಂಡನ್ನು ಮಾತ್ರ ಕೈಯಲ್ಲಿ ಹಿಡಿದು, ಬಿಚ್ಚಿ ಮಡಚಿ ನೋಡಿಯೇ ಕೊಳ್ಳಿ. ಬೋರಾ ಬಜಾರಿನಲ್ಲಿ ನೀವು ಬಾಯಿ ತೆರೆದು "ಫ್ಲ್ಯಾಶ್" ಎಂದ ಕೂಡಲೇ ಅಂಗಡಿಯಾತ ಕೇಳುವ ಪ್ರಶ್ನೆ, "ಟಿಟಿಎಲ್ ಚಾಹಿಯೇ ನಾ?" ಬೇಡ ಎನ್ನಿ. ಆತ ಕನಿಕರದಿಂದ ನೋಡುತ್ತಾನೆ, ನೋಡಲಿ.

ಟಿಟಿಎಲ್ ಎಂದರೆ ಎಷ್ಟು ಬೆಳಕು ಬೇಕೆಂದು ಕ್ಯಾಮೆರಾವೇ ಲೆಕ್ಕ ಹಾಕುವ ವ್ಯವಸ್ಥೆ. ಮದುವೆ ಮನೆಯಲ್ಲಿ ಓಡಾಡುತ್ತಾ ತೆಗೆಯುವವರಿಗೆ ಅದು ಅನ್ನ ಕೊಡುವ ಸೌಕರ್ಯ, ಇಲ್ಲ ಎನ್ನುವುದಿಲ್ಲ. ಆದರೆ ನಮ್ಮ ಹಿರಿಯರು ಕುರ್ಚಿಯಲ್ಲಿ ಕುಳಿತಿರುತ್ತಾರೆ, ಫ್ಲ್ಯಾಶ್ ನಾಲ್ಕಡಿ ದೂರದಲ್ಲಿ ನಿಂತಿರುತ್ತದೆ, ಎರಡೂ ಅಲ್ಲಾಡುವುದಿಲ್ಲ. ಒಮ್ಮೆ ಬೆಳಕು ಸರಿಹೊಂದಿದರೆ ಮೂವತ್ತು ಫೋಟೋಕ್ಕೂ ಅದೇ ಬೆಳಕು. ಇನ್ನೊಂದು ಕಾರಣವೂ ಇದೆ. ನಮ್ಮ ಹಿರಿಯರ ಪೋಷಾಕೇ ಬಿಳಿ: ಬಿಳಿ ಅಂಗಿ, ಬಿಳಿ ಪಂಚೆ, ವಿಜಾಪುರ ಕಡೆಯವರಾದರೆ ತಲೆಯ ಮೇಲೆ ಬಿಳಿ ಟೋಪಿ. ಕ್ಯಾಮೆರಾದ ಲೆಕ್ಕಾಚಾರ ಇಷ್ಟು ಬಿಳುಪು ಕಂಡ ಕೂಡಲೇ ಬೆಳಕು ಹೆಚ್ಚಾಯಿತೆಂದು ತಿಳಿದು ಕಡಿಮೆ ಮಾಡುತ್ತದೆ, ಮುಖ ಕಪ್ಪಿಡುತ್ತದೆ. ಕೈಯಿಂದಲೇ ಹೊಂದಿಸುವ ಮ್ಯಾನುಯಲ್ ಫ್ಲ್ಯಾಶ್ ನಮಗೆ ಅಗ್ಗವೂ ಹೌದು, ಒಳ್ಳೆಯದೂ ಹೌದು.

ಮ್ಯಾನುಯಲ್ ಫ್ಲ್ಯಾಶುಗಳಲ್ಲಿ ನಾನು ಬಳಸುವುದು ಗೋಡಾಕ್ಸ್ ಟಿಟಿ600. ನನಗೆ ಬಿದ್ದ ಬೆಲೆ ಐದೂವರೆ ಸಾವಿರದ ಆಸುಪಾಸು. ಇದರೊಳಗೇ ರೇಡಿಯೋ ರಿಸೀವರ್ ಇರುವುದರಿಂದ ಕ್ಯಾಮೆರಾದ ಮೇಲೆ ಒಂದು ಟ್ರಿಗರ್ ಸಿಕ್ಕಿಸಿದರೆ ಸಾಕು, ತಂತಿಯ ಗೋಜಿಲ್ಲ. ಬೆಳಕಿನ ಪ್ರಮಾಣವನ್ನು ಪೂರ್ತಿಯಿಂದ ಹಿಡಿದು ಅರ್ಧ, ಕಾಲು, ಎಂಟನೇ ಒಂದು ಹೀಗೆ ಇಳಿಸುತ್ತಾ ಹೋಗಬಹುದು. ಟ್ರಿಗರಿನಿಂದಲೇ ಇಳಿಸಬಹುದು, ಸ್ಟ್ಯಾಂಡಿನ ಹತ್ತಿರ ಓಡಬೇಕಿಲ್ಲ. ಯಾಂಗ್‌ನುವೊ 560 ಸರಣಿಯ ಮೂರನೆಯ, ನಾಲ್ಕನೆಯ ಮಾದರಿಗಳೂ ಇದೇ ಜಾತಿಯವು. ಹಳೆಯ ಸಾಮಾನಿನ ಅಂಗಡಿಗಳಲ್ಲಿ ಅರ್ಧ ಬೆಲೆಗೆ ಸಿಕ್ಕರೂ ಸಿಗಬಹುದು. ಹಳೆಯದನ್ನು ಕೊಳ್ಳುವಾಗ ನಿಮ್ಮದೇ ಸೆಲ್ ಒಯ್ದು, ಪೂರ್ತಿ ಬೆಳಕಿನಲ್ಲಿ ಐದಾರು ಸಲ ಹೊಡೆದು ನೋಡಿ. ಮುಂದಿನ ಗಾಜಿನ ಹಿಂದಿರುವ ನಳಿಗೆ ಕಪ್ಪಾಗಿದ್ದರೆ ಅದು ಬಹಳ ದುಡಿದು ದಣಿದಿದೆ ಎಂದರ್ಥ. ಸೆಲ್ ಹಾಕುವ ಬಾಗಿಲಿನ ಕೊಂಡಿ ಮುರಿದಿದೆಯೇ ನೋಡಿ, ಒಳಗಿನ ತಗಡಿಗೆ ಹಸಿರು ಕಿಲುಬು ಹಿಡಿದಿದೆಯೇ ನೋಡಿ. ನಮ್ಮ ಕರಾವಳಿಯ ಹವೆಗೆ ಇದು ಬೇಗ ಹಿಡಿಯುತ್ತದೆ.

ಟ್ರಿಗರಿನ ವಿಷಯಕ್ಕೆ ಬಂದರೆ ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಎರಡು ಸಲ ಓದಿ. ನಮ್ಮ ಜನ ಹೆಚ್ಚಾಗಿ ಕೊಂಡಿರುವ ಕ್ಯಾನನ್ 1500ಡಿ, 3000ಡಿ, 200ಡಿ ಮಾರ್ಕ್ 2 ಕ್ಯಾಮೆರಾಗಳ ತಲೆಯ ಮೇಲಿನ ಹಾಟ್ ಶೂವನ್ನು ಗಮನಿಸಿ. ಬೇರೆ ಕ್ಯಾಮೆರಾಗಳಲ್ಲಿ ನಟ್ಟನಡುವೆ ಒಂದು ದೊಡ್ಡ ಲೋಹದ ಚುಕ್ಕೆ ಇರುತ್ತದೆ. ಫ್ಲ್ಯಾಶಿಗೆ "ಹೊಡಿ" ಎಂದು ಹೇಳುವುದು ಅದೇ. ಕ್ಯಾನನ್ ಕಂಪನಿ ಈ ಅಗ್ಗದ ಮಾದರಿಗಳಲ್ಲಿ ಆ ಚುಕ್ಕೆಯನ್ನೇ ತೆಗೆದುಹಾಕಿದೆ. ಹಾಗಾಗಿ ಒಂದೇ ಸಂಪರ್ಕದ ಅಗ್ಗದ ಟ್ರಿಗರ್ ಸಿಕ್ಕಿಸಿದರೆ ಅದು ಕೂರುತ್ತದೆ, ದೀಪವೂ ಉರಿಯುತ್ತದೆ, ಫ್ಲ್ಯಾಶ್ ಮಾತ್ರ ಹೊಡೆಯುವುದಿಲ್ಲ. ಈ ಕ್ಯಾಮೆರಾ ಇರುವವರು ಕ್ಯಾನನ್‌ಗೆಂದೇ ಮಾಡಿದ, ಹೊಸ ಫರ್ಮ್‌ವೇರ್ ಹಾಕಿರುವ ಟ್ರಿಗರನ್ನೇ ಕೊಳ್ಳಬೇಕು. ಗೋಡಾಕ್ಸಿನ ಎಕ್ಸ್2ಟಿ, ಎಕ್ಸ್‌ಪ್ರೋ ಟ್ರಿಗರುಗಳಲ್ಲಿ 'ಸಿ' ಅಕ್ಷರದವು ಕ್ಯಾನನ್ನಿಗೆ, 'ಎನ್' ನಿಕಾನಿಗೆ, 'ಎಸ್' ಸೋನಿಗೆ. ಕ್ಯಾಮೆರಾವನ್ನು ಅಂಗಡಿಗೆ ಒಯ್ದು, ಅಲ್ಲೇ ಹೊಡೆಸಿ ನೋಡಿ ದುಡ್ಡು ಕೊಡಿ. ಇದಕ್ಕೆ ನಾಲ್ಕೈದು ಸಾವಿರ ಬೀಳುತ್ತದೆ. ಫ್ಲ್ಯಾಶಿನಷ್ಟೇ ಬೆಲೆ ಈ ಬೆಂಕಿಪೊಟ್ಟಣದಂಥ ವಸ್ತುವಿಗೆ ಯಾಕೆ ಎಂದು ಹೊಟ್ಟೆ ಉರಿಯುವುದು ಸಹಜ. ನಡುವಿನ ಚುಕ್ಕೆ ಇರುವ ಕ್ಯಾಮೆರಾದವರು ಸಾವಿರ ಒಂದೂವರೆ ಸಾವಿರದ ಸಾದಾ ಟ್ರಿಗರ್-ರಿಸೀವರ್ ಜೋಡಿಯಲ್ಲಿ ಸುಧಾರಿಸಿಕೊಳ್ಳಬಹುದು. ಫೋಟೋದಲ್ಲಿ ಎಳ್ಳಷ್ಟೂ ವ್ಯತ್ಯಾಸ ಕಾಣದು, ಬೆಳಕು ಬದಲಿಸಲು ನಾಲ್ಕು ಹೆಜ್ಜೆ ನಡೆಯಬೇಕು, ಅಷ್ಟೆ.

ಅಪ್ಪನ ಕಾಲದ ಫ್ಲ್ಯಾಶ್ ಅಟ್ಟದ ಮೇಲಿದೆ, ಅದನ್ನೇ ಬಳಸಬಹುದೇ ಎಂದು ಹೈದರಾಬಾದಿನಿಂದ ಒಬ್ಬರು ಕೇಳಿದ್ದಾರೆ. ನೇರವಾಗಿ ಕ್ಯಾಮೆರಾಕ್ಕೆ ಸಿಕ್ಕಿಸಬೇಡಿ. ಫಿಲ್ಮ್ ಕಾಲದ ಕೆಲವು ಫ್ಲ್ಯಾಶುಗಳ, ಉದಾಹರಣೆಗೆ ಹಳೆಯ ವಿವಿಟಾರ್ 283ರ, ಪಾದದಲ್ಲಿ ಇನ್ನೂರು ವೋಲ್ಟಿಗೂ ಮೀರಿದ ವಿದ್ಯುತ್ ಒತ್ತಡ ಇರುತ್ತದೆ. ಈಗಿನ ಡಿಜಿಟಲ್ ಕ್ಯಾಮೆರಾದ ನವಿರಾದ ಸರ್ಕೀಟಿಗೆ ಅದು ಸಿಡಿಲು ಬಡಿದಂತೆ. ಎಲೆಕ್ಟ್ರಿಷಿಯನ್ ಬಳಿ ಮಲ್ಟಿಮೀಟರ್ ಇದ್ದರೆ ಫ್ಲ್ಯಾಶ್ ಚಾಲೂ ಮಾಡಿ ಪಾದದ ನಡುವಿನ ಚುಕ್ಕೆಗೂ ಅಂಚಿನ ಲೋಹಕ್ಕೂ ನಡುವೆ ಅಳೆಸಿ. ಐದಾರು ವೋಲ್ಟಿನೊಳಗೆ ಇದ್ದರೆ ಸರಿ. ಮೂರಂಕಿ ತೋರಿಸಿದರೆ ಮತ್ತೆ ಅಟ್ಟಕ್ಕೇ ಏರಿಸಿ.

ಸೆಲ್ಲಿನಲ್ಲಿ ಜಿಪುಣತನ ಬೇಡ. ಸ್ಟೇಷನ್ನಿನ ಅಂಗಡಿಯಲ್ಲಿ ಸಿಗುವ ಸಾದಾ ಸೆಲ್ ಹಾಕಿದರೆ ಒಂದು ಫೋಟೋ ತೆಗೆದು ಮುಂದಿನದಕ್ಕೆ ಕಾಯುವಷ್ಟರಲ್ಲಿ ಅಜ್ಜನ ನಗು ಬತ್ತಿರುತ್ತದೆ. ರೀಚಾರ್ಜ್ ಮಾಡುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಕೊಳ್ಳಿ. ಎನೆಲೂಪ್ ಹೆಸರಿನವು ಚೆನ್ನಾಗಿವೆ. ಮೇಲೆ 1.2 ವೋಲ್ಟ್ ಎಂದು ಬರೆದಿರುವುದನ್ನು ನೋಡಿ ಕಡಿಮೆ ಎಂದುಕೊಳ್ಳಬೇಡಿ. ಒಮ್ಮೆಲೇ ಹೆಚ್ಚು ವಿದ್ಯುತ್ ಸುರಿಸುವ ತಾಕತ್ತು ಇವುಗಳಿಗೇ ಹೆಚ್ಚು, ಆದ್ದರಿಂದ ಫ್ಲ್ಯಾಶ್ ಬೇಗ ಸಿದ್ಧವಾಗುತ್ತದೆ. ನಾಲ್ಕು ಸೆಲ್, ಒಂದು ಚಾರ್ಜರ್, ಎರಡು ಸಾವಿರದ ಆಸುಪಾಸು. ನಾಲ್ಕನ್ನೂ ಯಾವಾಗಲೂ ಒಟ್ಟಿಗೇ ಬಳಸಿ, ಒಟ್ಟಿಗೇ ಚಾರ್ಜ್ ಮಾಡಿ. ಟಿವಿ ರಿಮೋಟಿಗೆ ಎರಡು ಎತ್ತಿಕೊಳ್ಳುವ ಮಕ್ಕಳಿಂದ ಕಾಪಾಡುವ ಹೊಣೆ ನಿಮ್ಮದು.

ಸ್ಟ್ಯಾಂಡ್ ಏಳಡಿಯದು ಸಾಕು, ಸಾವಿರ ರೂಪಾಯಿಯೊಳಗೆ ಬರುತ್ತದೆ. ಕಾಲುಗಳನ್ನು ಹಿಂದುಮುಂದಾಗಿ ಮಡಚುವ ಮಾದರಿ ಕೇಳಿ ಪಡೆಯಿರಿ. ಮಡಚಿದರೆ ಒಂದೂಮುಕ್ಕಾಲು ಅಡಿಗೆ ಇಳಿದು ಬೆನ್ನಚೀಲದೊಳಗೇ ಕೂರುತ್ತದೆ. ಉದ್ದದ ಸ್ಟ್ಯಾಂಡ್ ಹಿಡಿದು ಸಂಜೆ ಆರರ ಕಲ್ಯಾಣ್ ಲೋಕಲ್ ಹತ್ತುವವರಿಗೆ ನನ್ನ ನಮಸ್ಕಾರ. ಸ್ಟ್ಯಾಂಡಿನ ತುದಿಗೆ ಫ್ಲ್ಯಾಶನ್ನೂ ಛತ್ರಿಯನ್ನೂ ಹಿಡಿಯುವ ಒಂದು ಬ್ರ್ಯಾಕೆಟ್ ಬೇಕು, ನಾನೂರು ಐನೂರು ರೂಪಾಯಿ. ಪೂರ್ತಿ ಪ್ಲಾಸ್ಟಿಕ್ಕಿನದು ಬೇಡ, ತಿರುಪು ಬೇಗ ಸವೆದು ಫ್ಲ್ಯಾಶ್ ತಲೆ ಬಾಗಿಸುತ್ತದೆ. ಸ್ಟ್ಯಾಂಡಿನ ಬುಡಕ್ಕೆ ಭಾರ ಇಡಲು ಮರಳಿನ ಚೀಲ ಮಾರುತ್ತಾರೆ; ಅದರ ಬದಲು ಆ ಮನೆಯದೇ ಐದು ಕಿಲೋ ಅಕ್ಕಿಯ ಚೀಲ ಕೇಳಿ. ಇಲ್ಲ ಎನ್ನುವ ಕನ್ನಡಿಗರ ಮನೆಯನ್ನು ನಾನು ಇನ್ನೂ ಕಂಡಿಲ್ಲ.

ಇನ್ನು ಛತ್ರಿ. ಎರಡು ಬಗೆ. ಒಂದು ಬರೀ ಬಿಳಿ ಬಟ್ಟೆಯದು, ಬೆಳಕು ಅದರೊಳಗಿಂದ ಹಾದು ಬರುತ್ತದೆ. ಇನ್ನೊಂದಕ್ಕೆ ಹೊರಗೆ ಕಪ್ಪು ಹೊದಿಕೆ, ಒಳಗೆ ಬಿಳಿ ಅಥವಾ ಬೆಳ್ಳಿ ಬಣ್ಣ, ಬೆಳಕು ಬಡಿದು ಹಿಂದಕ್ಕೆ ಬರುತ್ತದೆ. ಹೊದಿಕೆ ತೆಗೆದು ಹಾಕಬಹುದಾದ ನಲವತ್ತಮೂರು ಇಂಚಿನ ಛತ್ರಿ ಸಿಕ್ಕರೆ ಎರಡೂ ಒಂದರಲ್ಲೇ ಆಯಿತು, ಆರೇಳುನೂರು ರೂಪಾಯಿ. ಹೊದಿಕೆ ಯಾಕೆ ಬೇಕೆಂದರೆ ನಮ್ಮ ಮನೆಗಳ ಗೋಡೆಯ ಬಣ್ಣಕ್ಕಾಗಿ. ಚಾಳಿನ ಕೋಣೆಗಳಿಗೆ ತಿಳಿ ಹಸಿರು, ಆಕಾಶನೀಲಿ ಎಂದರೆ ಪ್ರಾಣ. ಬಿಳಿ ಛತ್ರಿಯಿಂದ ಬೆಳಕು ನಾಲ್ಕೂ ಕಡೆ ಚೆಲ್ಲಿ ಆ ಗೋಡೆಗೆ ಬಡಿದು ಮುಖಕ್ಕೆ ಬಂದರೆ ಒಂದು ಕೆನ್ನೆ ಪಾಚಿ ಹಿಡಿದಂತೆ ಕಾಣುತ್ತದೆ. ಅಲ್ಲಿ ಕಪ್ಪು ಹೊದಿಕೆ ಹಾಕಿ. ಬಿಳಿ ಸುಣ್ಣದ ಮನೆಯಾದರೆ ತೆಗೆದುಬಿಡಿ, ಚೆಲ್ಲಿದ ಬೆಳಕೂ ನಿಮ್ಮ ಕೆಲಸಕ್ಕೇ ಬರುತ್ತದೆ.

ಛತ್ರಿಗೆ ಇನ್ನೊಂದು ತೊಡಕೂ ಇದೆ. ಒಮ್ಮೆ ಭಾಂಡುಪಿನಲ್ಲಿ, ಕುಂದಾಪುರ ಕಡೆಯ ಅಜ್ಜಿಯೊಬ್ಬರ ಮನೆಯಲ್ಲಿ ಇನ್ನೇನು ಛತ್ರಿ ಬಿಚ್ಚಬೇಕು, ಅವರು ಕೈ ಅಡ್ಡ ಹಿಡಿದರು. "ಮನಿ ಒಳಗೆ ಕೊಡೆ ಬಿಡ್ಸೂದಾ? ಬ್ಯಾಡ ಮಗಾ, ಬ್ಯಾಡ." ವಾದ ಮಾಡುವುದುಂಟೇ? ಅವರ ಮಗನ ಒಗೆದ ಬಿಳಿ ಪಂಚೆಯೊಂದನ್ನು ಕೇಳಿ ಪಡೆದು, ಬಟ್ಟೆ ಒಣಹಾಕುವ ಹಗ್ಗವನ್ನು ಕಿಟಕಿಯ ಸರಳಿಗೂ ಕಪಾಟಿನ ಹಿಡಿಗೂ ಕಟ್ಟಿ, ಅದರ ಮೇಲೆ ಪಂಚೆಯನ್ನು ಒಂದೇ ಪದರವಾಗಿ ಇಳಿಬಿಟ್ಟು, ಹಿಂದೆ ಮೂರಡಿ ದೂರದಲ್ಲಿ ಫ್ಲ್ಯಾಶ್ ನಿಲ್ಲಿಸಿದೆ. ಆರಡಿ ಅಗಲದ ಬೆಳಕಿನ ಪರದೆ! ಪೇಟೆಯಲ್ಲಿ ಇದೇ ಕೆಲಸದ ಸಾಫ್ಟ್‌ಬಾಕ್ಸಿಗೆ ಸಾವಿರಗಟ್ಟಲೆ ಕೇಳುತ್ತಾರೆ. ಅಂದಿನಿಂದ ಒಂದು ಮಗ್ಗದ ಪಂಚೆ ನನ್ನ ಚೀಲದ ಕಾಯಂ ಸದಸ್ಯ. ಜರಿ ಅಂಚನ್ನು ಮಾತ್ರ ಬೆಳಕಿನ ದಾರಿಯಿಂದ ಆಚೆಗಿಡಬೇಕು, ಹಳದಿ ಛಾಯೆ ಬರುತ್ತದೆ. ನೀಲಿ ಹಾಕಿ ಒಗೆದ ಪಂಚೆಯೂ ಬೇಡ.

ಒಟ್ಟು ಲೆಕ್ಕ ಹಾಕಿದರೆ ಹೊಸದೇ ಕೊಂಡವರಿಗೆ ಹದಿನಾಲ್ಕು ಸಾವಿರದ ಹತ್ತಿರ. ಹಳೆಯ ಫ್ಲ್ಯಾಶ್, ಸಾದಾ ಟ್ರಿಗರ್, ಪಂಚೆ ಎಂದು ಸುಧಾರಿಸುವವರಿಗೆ ಏಳೆಂಟು ಸಾವಿರ. ಇವೆಲ್ಲ ನಾನು ಕೊಂಡ ಹೊತ್ತಿನ ದರಗಳು, ಐನೂರು ಆಚೆ ಈಚೆ ಆದೀತು. ಇಷ್ಟು ದುಡ್ಡಿಗೆ ಎಲ್‌ಇಡಿ ಲೈಟೇ ಬರುತ್ತದಲ್ಲ ಎನ್ನುವವರಿಗೆ ಉತ್ತರ: ಬರುತ್ತದೆ, ಮೊಬೈಲಿನಲ್ಲಿ ತೆಗೆಯುವವರಿಗೆ, ವಿಡಿಯೋ ಮಾಡುವವರಿಗೆ ಅದೇ ಸರಿ. ಆದರೆ ಸಣ್ಣ ಎಲ್‌ಇಡಿಯನ್ನು ಪಂಚೆಯ ಹಿಂದಿಟ್ಟರೆ ಉಳಿಯುವ ಬೆಳಕು ಅತ್ಯಲ್ಪ. ಪಂಚೆ ಇಲ್ಲದೆ ಹಚ್ಚಿದರೆ ವಯಸ್ಸಾದವರು ಕಣ್ಣು ಕಿರಿದು ಮಾಡುತ್ತಾರೆ. ಫ್ಲ್ಯಾಶ್ ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಹೊತ್ತಿನಲ್ಲಿ ಬಂದು ಹೋಗುತ್ತದೆ. ಕೈ ನಡುಗುವ ಅಜ್ಜನ ಬೆರಳುಗಳೂ ಅದರಲ್ಲಿ ಸ್ಪಷ್ಟವಾಗಿ ನಿಲ್ಲುತ್ತವೆ.

ಇಲ್ಲೊಂದು ಹಳೆಯ ಕತೆ ನೆನಪಾಗುತ್ತದೆ. ಫ್ಲ್ಯಾಶ್ ಹಿಡಿದು ವಲಸಿಗರ ಇಕ್ಕಟ್ಟಿನ ಕೋಣೆಗಳಿಗೆ ಮೊದಲು ನುಗ್ಗಿದವರಲ್ಲಿ ನ್ಯೂಯಾರ್ಕಿನ ಪತ್ರಕರ್ತ ಜೇಕಬ್ ರೀಸ್ ಪ್ರಮುಖ. ಆತನೂ ಡೆನ್ಮಾರ್ಕಿನಿಂದ ವಲಸೆ ಹೋದವನೇ. 1880ರ ದಶಕದ ಕೊನೆಯಲ್ಲಿ ಮೆಗ್ನೀಸಿಯಂ ಪುಡಿಗೆ ಬೆಂಕಿ ಕೊಟ್ಟು, ಆ ಧಗ್ಗನೆಯ ಬೆಳಕಿನಲ್ಲಿ ಬಾಡಿಗೆ ಕೊಠಡಿಗಳ ಕತ್ತಲನ್ನು ಚಿತ್ರಿಸಿದ. ಆ ಚಿತ್ರಗಳು ಮತ್ತು ಬರಹಗಳ ಪುಸ್ತಕ 1890ರಲ್ಲಿ ಬಂದು ನಗರದ ಕಣ್ಣು ತೆರೆಸಿತು. ಪುಡಿ ಹೊತ್ತಿಸುವಾಗ ಎರಡು ಸಲ ಮನೆಗೇ ಬೆಂಕಿ ಹತ್ತಿಸಿದ್ದಾಗಿ ಆತನೇ ಬರೆದುಕೊಂಡಿದ್ದಾನೆ. ಆತನ ಉದ್ದೇಶದ ಬಗ್ಗೆ ನನಗೆ ಗೌರವವಿದೆ. ಆದರೆ ಆ ಚಿತ್ರಗಳಲ್ಲಿ ಎಷ್ಟೋ ಮುಖಗಳು ಬೆಚ್ಚಿಬಿದ್ದ ಮುಖಗಳು, ನಿದ್ದೆಯಿಂದ ಎಬ್ಬಿಸಿದ ಮುಖಗಳು. ನಮ್ಮದು ಹಾಗಾಗಬಾರದು. ಮನೆಗೆ ಹೋದ ಕೂಡಲೇ ಚೀಲ ಬಿಚ್ಚಬೇಡಿ. ಚಹಾ ಬರುತ್ತದೆ, ಕುಡಿಯಿರಿ. ಊರು ಯಾವುದು, ಮುಂಬೈಗೆ ಯಾವ ವರ್ಷ, ಬಸ್ಸಿನಲ್ಲಿ ಬಂದದ್ದೋ ಹಡಗಿನಲ್ಲೋ ಎಂದು ಕೇಳಿ. ಆಮೇಲೆ ಫ್ಲ್ಯಾಶನ್ನು ಗೋಡೆಯ ಕಡೆಗೆ ತಿರುಗಿಸಿ ಒಮ್ಮೆ ಹೊಡೆದು ತೋರಿಸಿ, ಇಷ್ಟೇ, ಹೀಗೆ ಮಿಂಚುತ್ತದೆ ಎಂದು.

ಈಗ ಬೆಳಕು ಹೊಂದಿಸುವ ಕ್ರಮ. ಕ್ಯಾಮೆರಾವನ್ನು ಮ್ಯಾನುಯಲ್‌ಗೆ ಹಾಕಿ. ಐಎಸ್‌ಒ 200, ಅಪರ್ಚರ್ 5.6, ಶಟರ್ ಸೆಕೆಂಡಿನ 160ನೇ ಒಂದು ಭಾಗ. ಶಟರನ್ನು 200ಕ್ಕಿಂತ ಮೇಲೆ ಏರಿಸಬೇಡಿ, ಸಾಕಷ್ಟು ಕ್ಯಾಮೆರಾಗಳಲ್ಲಿ ಫೋಟೋದ ಒಂದು ಬದಿಗೆ ಕಪ್ಪು ಪಟ್ಟಿ ಬರುತ್ತದೆ. ಫ್ಲ್ಯಾಶ್ ಬಂದ್ ಇಟ್ಟು ಒಂದು ಫೋಟೋ ತೆಗೆದು ನೋಡಿ: ಹೆಚ್ಚುಕಡಿಮೆ ಪೂರ್ತಿ ಕಪ್ಪಾಗಿರಬೇಕು. ಅಂದರೆ ಕೋಣೆಯ ಟ್ಯೂಬ್‌ಲೈಟಿನ ಕಾರುಬಾರು ಮುಗಿಯಿತು, ಇನ್ನು ಬರುವ ಬೆಳಕೆಲ್ಲ ನಿಮ್ಮದೇ. ಈಗ ಛತ್ರಿಯನ್ನು ಮುಖದಿಂದ ನಾಲ್ಕಡಿ ದೂರದಲ್ಲಿ, ಮೂಗಿನ ನೇರಕ್ಕೆ ಅಲ್ಲ, ಸುಮಾರು ನಲವತ್ತೈದು ಡಿಗ್ರಿ ಬದಿಗೆ, ಕಣ್ಣಿಗಿಂತ ಒಂದೂವರೆ ಅಡಿ ಮೇಲಕ್ಕಿಟ್ಟು, ಫ್ಲ್ಯಾಶನ್ನು ಹದಿನಾರನೇ ಒಂದಕ್ಕೆ ಹೊಂದಿಸಿ ಹೊಡೆಯಿರಿ. ಮುಖ ಬೆಳ್ಳಗಾದರೆ ಇಳಿಸಿ, ಕಪ್ಪಾದರೆ ಏರಿಸಿ. ಹಿಂದೆ ನಿಂತ ಮನೆಯ ಮೊಮ್ಮಗಳನ್ನು ಮೊದಲು ಆ ಕುರ್ಚಿಯಲ್ಲಿ ಕೂರಿಸಿ ಇದೆಲ್ಲ ಮುಗಿಸಿಕೊಂಡರೆ ಹಿರಿಯರಿಗೆ ಕಾಯುವ ಶಿಕ್ಷೆ ತಪ್ಪುತ್ತದೆ. ಮತ್ತು ಫ್ಯಾನ್ ನಿಲ್ಲಿಸಿ! ಛತ್ರಿ ಹಾರುವುದಿರಲಿ, ತಗ್ಗಿನ ಮಾಡಿನ ಮನೆಗಳಲ್ಲಿ ಏಳಡಿ ಸ್ಟ್ಯಾಂಡಿನ ತುದಿ ಫ್ಯಾನಿನ ರೆಕ್ಕೆಗೇ ತಾಗುತ್ತದೆ.

ಬೆಳಕು ಹತ್ತಿರ ಬಂದಷ್ಟೂ ಕಠಿಣ, ದೂರ ಹೋದಷ್ಟೂ ಮೃದು ಎಂದು ಅನೇಕರು ತಿಳಿದಿದ್ದಾರೆ. ಉಲ್ಟಾ. ಸೂರ್ಯ ಎಷ್ಟು ದೊಡ್ಡವನಾದರೂ ದೂರ ಇರುವುದರಿಂದ ನಮಗೆ ಕಾಣುವುದು ರೂಪಾಯಿ ಬಿಲ್ಲೆಯಷ್ಟು, ಅದಕ್ಕೇ ಅವನ ನೆರಳಿನ ಅಂಚು ಚೂಪು. ಮೋಡ ಕವಿದ ದಿನ ಇಡೀ ಆಕಾಶವೇ ದೀಪ, ನೆರಳೇ ಕಾಣದು. ಛತ್ರಿಯನ್ನು ಮುಖದ ಹತ್ತಿರ ತಂದಷ್ಟೂ ಅದು ಮುಖಕ್ಕೆ ದೊಡ್ಡದಾಗುತ್ತದೆ. ಹತ್ತಿರ ತರುವುದರಿಂದ ಇನ್ನೊಂದು ಲಾಭವಿದೆ. ದೂರ ಎರಡು ಪಟ್ಟಾದರೆ ಬೆಳಕು ಅರ್ಧವಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಮುಖ ಮೂರಡಿಯಲ್ಲಿ, ಹಿಂದಿನ ಗೋಡೆ ಆರಡಿಯಲ್ಲಿ ಇದ್ದರೆ ಗೋಡೆಗೆ ಸಿಗುವುದು ಕಾಲು ಪಾಲು ಬೆಳಕು ಮಾತ್ರ. ಗೋದ್ರೆಜ್ ಕಪಾಟು, ಅದರ ಮೇಲಿನ ಸೂಟ್‌ಕೇಸ್‌ಗಳು, ಇಸ್ತ್ರಿಗೆ ಕಾಯುತ್ತಿರುವ ಬಟ್ಟೆಯ ಗಂಟು, ಎಲ್ಲವೂ ತಾವಾಗಿಯೇ ಹಿಂದಕ್ಕೆ ಸರಿಯುತ್ತವೆ. ನೀವು ಯಾರ ಮನೆಯನ್ನೂ ಅಚ್ಚುಕಟ್ಟು ಮಾಡಲು ಹೇಳಬೇಕಿಲ್ಲ.

ಕನ್ನಡಕದ ಗಾಜಿನಲ್ಲಿ ಛತ್ರಿ ಬಿಳಿ ಮಚ್ಚೆಯಾಗಿ ಕಂಡರೆ ಸ್ಟ್ಯಾಂಡನ್ನು ಇನ್ನಷ್ಟು ಎತ್ತರಿಸಿ, ಇಲ್ಲವೇ ಕನ್ನಡಕದ ಕಡ್ಡಿಯನ್ನು ಕಿವಿಯ ಹತ್ತಿರ ಕೂದಲೆಳೆಯಷ್ಟು ಮೇಲಕ್ಕೆತ್ತಿ. ಕನ್ನಡಕ ತೆಗೆಯಿರಿ ಎಂದು ಮಾತ್ರ ಹೇಳಬೇಡಿ. ನಲವತ್ತು ವರ್ಷ ಅದನ್ನು ಹಾಕಿಕೊಂಡವರ ಮುಖ ಅದು ತೆಗೆದರೆ ಮಕ್ಕಳಿಗೇ ಅಪರಿಚಿತ. ಹಾಗೆಯೇ, ಹೊಸ ರೇಷ್ಮೆ ಸೀರೆ ಉಡುತ್ತೇನೆ ಎಂದರೆ ಉಡಲಿ, ಆದರೆ ದಿನನಿತ್ಯದ ಸೀರೆಯಲ್ಲೂ ಎರಡು ತೆಗೆಯಿರಿ. ಪುಣೆಯ ಯರವಡಾದಲ್ಲಿ ಇಂಡಿ ಕಡೆಯ ಅಜ್ಜನೊಬ್ಬರು ಟೋಪಿ, ಕೋಟು ಎಲ್ಲ ಧರಿಸಿ ಬಿಗಿಯಾಗಿ ಕುಳಿತಿದ್ದರು. "ಮುಗೀತೇನಪಾ?" ಎಂದು ಕೇಳಿ, ಮುಗಿಯಿತು ಎಂದ ಮೇಲೆ ಟೋಪಿ ತೆಗೆದು ತೊಡೆಯ ಮೇಲಿಟ್ಟು ಉಸ್ಸೆಂದರಲ್ಲ, ಮನೆಯವರು ಕಟ್ಟು ಹಾಕಿಸಿದ್ದು ಆ ಫೋಟೋವನ್ನು. ಮುಗಿಯಿತು ಎಂದ ಮೇಲೂ ಬೆರಳು ಬಟನ್ನಿನ ಮೇಲಿರಲಿ, ಫ್ಲ್ಯಾಶ್ ಚಾಲೂ ಇರಲಿ.

ಮುಖವೊಂದೇ ಇರುವ ಚಿತ್ರ ಆದ ಮೇಲೆ, ಕೋಣೆ ಸಮೇತ ಒಂದು ತೆಗೆಯಿರಿ ಎಂಬುದು ನನ್ನ ಹಟ. ಆ ಚಾಳು ಇನ್ನೆರಡು ವರ್ಷಕ್ಕೆ ರೀಡೆವಲಪ್‌ಮೆಂಟಿಗೆ ಹೋಗಬಹುದು. ಗೋಡೆಯ ಕ್ಯಾಲೆಂಡರ್, ದೇವರ ಗೂಡು, ಸ್ಟೀಲ್ ಪಾತ್ರೆಯ ಸಾಲು ಮತ್ತೆ ಸಿಗುವುದಿಲ್ಲ. ಇದಕ್ಕೆ ಐಎಸ್‌ಒ 800ಕ್ಕೆ ಏರಿಸಿ, ಫ್ಲ್ಯಾಶನ್ನು ಹದಿನಾರನೇ ಒಂದರಿಂದ ಅರವತ್ತನಾಲ್ಕನೇ ಒಂದಕ್ಕೆ ಇಳಿಸಿ, ಶಟರನ್ನು 30ರ ಹತ್ತಿರ ತನ್ನಿ. ಮುಖದ ಬೆಳಕು ಮೊದಲಿನಷ್ಟೇ ಇರುತ್ತದೆ, ಕತ್ತಲಲ್ಲಿದ್ದ ಕೋಣೆ ನಿಧಾನವಾಗಿ ಕಣ್ಣು ಬಿಡುತ್ತದೆ. ಯಾಕೆಂದರೆ ಮಿಂಚಿ ಮಾಯವಾಗುವ ಫ್ಲ್ಯಾಶಿಗೆ ಶಟರ್ ಎಷ್ಟು ಹೊತ್ತು ತೆರೆದಿದ್ದರೂ ಒಂದೇ. ಟ್ಯೂಬ್‌ಲೈಟಿಗೆ ಮಾತ್ರ ತೆರೆದಷ್ಟೂ ಲಾಭ. ಇನ್ನೂ ಸಾಲದಿದ್ದರೆ ಶಟರನ್ನು 15ಕ್ಕೆ ಇಳಿಸಿ, ಕ್ಯಾಮೆರಾವನ್ನು ಕಪಾಟಿಗೋ ಮೇಜಿಗೋ ಒತ್ತಿ ಹಿಡಿಯಿರಿ. ಬಿಳಿ ಟ್ಯೂಬ್ ಮತ್ತು ಫ್ಲ್ಯಾಶಿನ ಬಣ್ಣ ಹತ್ತಿರ ಹತ್ತಿರ ಇರುವುದರಿಂದ ಚಿಂತೆಯಿಲ್ಲ. ಹಳದಿ ಬಲ್ಬಿನ ಮನೆಯಾದರೆ ಫ್ಲ್ಯಾಶಿನ ಮುಂದೆ ಕಿತ್ತಳೆ ಬಣ್ಣದ ಜೆಲಟಿನ್ ಕಾಗದದ ತುಂಡೊಂದನ್ನು ಅಂಟಿಸಬೇಕು. ನಾಟಕದ ಲೈಟಿನವರ ಬಳಿ ಕೇಳಿದರೆ ಅಂಗೈಯಗಲದ ಚೂರನ್ನು ಪುಕ್ಕಟೆ ಕೊಡುತ್ತಾರೆ.

ಮಳೆಗಾಲದಲ್ಲಿ ಊರಿನಿಂದ ಯಕ್ಷಗಾನ ಮೇಳಗಳು ಮುಂಬೈಗೆ ಬಂದಾಗ ಈ ಸಾಮಾನು ಒಯ್ಯಬಹುದೇ ಎಂದು ಕೇಳಿದವರಿಗೆ: ಆಟ ನಡೆಯುವಾಗ ಖಂಡಿತ ಬೇಡ, ಕುಣಿಯುವವರ ಕಣ್ಣಿಗೆ ಹೊಡೆಯುತ್ತದೆ. ಆಟ ಮುಗಿದು ಚೌಕಿಯಲ್ಲಿ ವೇಷ ಕಳಚುವ ಮೊದಲಿನ ಹತ್ತು ನಿಮಿಷ, ಭಾಗವತರನ್ನೂ ಕಲಾವಿದರನ್ನೂ ಕೇಳಿಕೊಂಡು, ಒಂದು ಪಂಚೆ ಇಳಿಬಿಟ್ಟು ನೋಡಿ. ಅದರ ಬಗ್ಗೆ ಪ್ರತ್ಯೇಕವಾಗಿಯೇ ಬರೆಯಬೇಕು.

ಕೊನೆಯ ಖರ್ಚು ಪ್ರಿಂಟಿನದು. ವಾಟ್ಸಾಪಿನಲ್ಲಿ ಕಳಿಸಿ ಕೈತೊಳೆದುಕೊಳ್ಳಬೇಡಿ. ಅಲ್ಲಿ ಫೋಟೋ ಕುಗ್ಗುತ್ತದೆ, ಆಮೇಲೆ ಫೋನ್ ಜೊತೆಗೇ ಕಳೆದುಹೋಗುತ್ತದೆ. ಎಂಟು ಹನ್ನೆರಡು ಇಂಚಿನ ಮ್ಯಾಟ್ ಪ್ರಿಂಟ್ ಒಂದನ್ನು ಹಾಕಿಸಿ ಮುಂದಿನ ಭೇಟಿಯಲ್ಲಿ ಕೈಗೇ ಕೊಡಿ. ಹಿಂಬದಿಯಲ್ಲಿ ಕನ್ನಡದಲ್ಲಿ ಹೆಸರು, ಹುಟ್ಟೂರು, ಫೋಟೋ ತೆಗೆದ ತಾರೀಖು ಬರೆಯಿರಿ. ಬಾಲ್ ಪೆನ್ ಒತ್ತಿ ಬರೆದರೆ ಗೆರೆ ಮುಂಬದಿಗೆ ಮೂಡುತ್ತದೆ. ಮೆತ್ತಗಿನ ತುದಿಯ ಸಣ್ಣ ಮಾರ್ಕರಿನಿಂದ, ಮೂಲೆಯಲ್ಲಿ ಬರೆದು, ಒಣಗಿದ ಮೇಲೆಯೇ ಕವರಿಗೆ ಹಾಕಿ.